ಅರಣ್ಯ ಮತ್ತು ನೆಡುತೋಪುಗಳ ಇಂಗಾಲ ಸಂಗ್ರಹದ ಮಾಪನ

ಅರಣ್ಯ ಇಂಗಾಲ ಮಾಪನ ಎಂದರೆ ಕಾಡು, ನೆಡುತೋಪು, ತೋಟ ಮೊದಲಾದ ಮರಗಳಿರುವ ಭೂಮಿಯಲ್ಲಿ ಸಂಗ್ರಹವಾಗಿರುವ ಇಂಗಾಲವನ್ನು ಅಳೆದು ಲೆಕ್ಕಹಾಕುವ ಹಾಗೂ ಮುಂದಿನ ವರ್ಷಗಳಲ್ಲಿ ಆ ಸಂಗ್ರಹವು ಎಷ್ಟು ಹೆಚ್ಚಬಹುದು ಅಥವಾ ಕುಗ್ಗಬಹುದು ಎಂಬುದನ್ನು ಅಂದಾಜಿಸುವ ವಿಧಾನ. ಸಸ್ಯಗಳು ದ್ಯುತಿಸಂಶ್ಲೇಷಣೆಯ ಮೂಲಕ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು, ಅದರಲ್ಲಿನ ಇಂಗಾಲವನ್ನು ಕಾಂಡ, ಕೊಂಬೆ, ಎಲೆ ಮತ್ತು ಬೇರುಗಳಾಗಿ ಕಟ್ಟಿಕೊಳ್ಳುತ್ತವೆ. ಮರ ಸುಟ್ಟಾಗ ಅಥವಾ ಕೊಳೆತಾಗ ಅದೇ ಇಂಗಾಲವು ಮರಳಿ ವಾತಾವರಣವನ್ನು ಸೇರುತ್ತದೆ. ಆದುದರಿಂದ ಕಾಡು ಇಂಗಾಲದ ಉಗ್ರಾಣವೂ ಹೌದು, ಕೆಲವೊಮ್ಮೆ ಅದರ ಮೂಲವೂ ಹೌದು.

ಹವಾಮಾನ ಬದಲಾವಣೆಯನ್ನು ತಡೆಯುವ ಪ್ರಯತ್ನಗಳಲ್ಲಿ ಈ ಲೆಕ್ಕಕ್ಕೆ ಮಹತ್ವವಿದೆ. 2015ರ ಪ್ಯಾರಿಸ್ ಒಪ್ಪಂದದ ಸಂದರ್ಭದಲ್ಲಿ ಭಾರತವು 2030ರ ವೇಳೆಗೆ ಅರಣ್ಯ ಮತ್ತು ಮರಗಳ ಹೊದಿಕೆಯ ಮೂಲಕ 250ರಿಂದ 300 ಕೋಟಿ ಟನ್ ಇಂಗಾಲದ ಡೈಆಕ್ಸೈಡಿಗೆ ಸಮನಾದ ಹೆಚ್ಚುವರಿ ಸಂಗ್ರಹವನ್ನು ನಿರ್ಮಿಸುವುದಾಗಿ ಘೋಷಿಸಿತು. ಈ ಮಾತು ಈಡೇರಿದೆಯೇ ಎಂಬುದನ್ನು ತಿಳಿಯಲು ಮಾಪನವೊಂದೇ ದಾರಿ.

## ಇಂಗಾಲದ ಐದು ನೆಲೆಗಳು

ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿಯ (ಐಪಿಸಿಸಿ) 2006ರ ಮಾರ್ಗಸೂಚಿಯಂತೆ ಅರಣ್ಯದ ಇಂಗಾಲವನ್ನು ಐದು ನೆಲೆಗಳಲ್ಲಿ ಎಣಿಸಲಾಗುತ್ತದೆ.

* ನೆಲದ ಮೇಲಿನ ಜೈವಿಕ ರಾಶಿ: ಕಾಂಡ, ತೊಗಟೆ, ಕೊಂಬೆ, ಎಲೆ
* ನೆಲದೊಳಗಿನ ಜೈವಿಕ ರಾಶಿ: ಜೀವಂತ ಬೇರುಗಳು
* ಸತ್ತ ಮರ: ಒಣಗಿ ನಿಂತ ಮತ್ತು ಉರುಳಿಬಿದ್ದ ಮರಗಳು
* ತರಗು: ನೆಲದ ಮೇಲೆ ಹಾಸಿರುವ ಎಲೆ, ಕಡ್ಡಿ, ಸಿಪ್ಪೆ
* ಮಣ್ಣಿನ ಸಾವಯವ ಇಂಗಾಲ: ಸಾಮಾನ್ಯವಾಗಿ ಮೇಲಿನ 30 ಸೆಂಟಿಮೀಟರ್ ಆಳದವರೆಗೆ

ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯು ಎರಡು ವರ್ಷಗಳಿಗೊಮ್ಮೆ ಪ್ರಕಟಿಸುವ ಅರಣ್ಯ ಸ್ಥಿತಿ ವರದಿಯೂ ಇದೇ ವಿಂಗಡಣೆಯನ್ನು ಅನುಸರಿಸುತ್ತದೆ. 2023ರ ವರದಿಯ ಪ್ರಕಾರ ಭಾರತದ ಅರಣ್ಯಗಳ ಒಟ್ಟು ಇಂಗಾಲ ಸಂಗ್ರಹ ಸುಮಾರು 728.5 ಕೋಟಿ ಟನ್. ಇದರಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಮರಗಳಲ್ಲಿಲ್ಲ, ಮಣ್ಣಿನಲ್ಲಿದೆ. ಕಾಡಿನ ಇಂಗಾಲವೆಂದರೆ ಮರವೇ ಎಂಬ ಸಾಮಾನ್ಯ ಗ್ರಹಿಕೆಯನ್ನು ಈ ಅಂಶವು ತಿದ್ದುತ್ತದೆ.

## ಮಾಪನದ ಕ್ರಮ

### ಮಾದರಿ ತುಂಡುಗಳು

ಇಡೀ ಕಾಡಿನ ಪ್ರತಿಯೊಂದು ಮರವನ್ನೂ ಅಳೆಯುವುದು ಅಸಾಧ್ಯ. ಆದುದರಿಂದ ಸಂಖ್ಯಾಶಾಸ್ತ್ರದ ನಿಯಮದಂತೆ ಅಲ್ಲಲ್ಲಿ ಮಾದರಿ ತುಂಡುಗಳನ್ನು ಆರಿಸಿ, ಅವುಗಳೊಳಗಿನ ಮರಗಳನ್ನು ಮಾತ್ರ ಅಳೆಯಲಾಗುತ್ತದೆ. ಭಾರತದ ಅರಣ್ಯ ಸಮೀಕ್ಷೆಯಲ್ಲಿ 0.1 ಹೆಕ್ಟೇರ್ ವಿಸ್ತಾರದ ತುಂಡುಗಳನ್ನು ಬಳಸಲಾಗಿದೆ. ಅಂತಹ ತುಂಡಿನಲ್ಲಿ ದೊರೆತ ಮೊತ್ತವನ್ನು ಹತ್ತರಿಂದ ಗುಣಿಸಿದರೆ ಒಂದು ಹೆಕ್ಟೇರಿನ ಪ್ರಮಾಣ ತಿಳಿಯುತ್ತದೆ. ದಾರಿಯ ಪಕ್ಕದ ಅನುಕೂಲವಾದ ಜಾಗಗಳನ್ನೇ ಆರಿಸಿದರೆ ಫಲಿತಾಂಶವು ಇಡೀ ಕಾಡನ್ನು ಪ್ರತಿನಿಧಿಸುವುದಿಲ್ಲ.

### ಸುತ್ತಳತೆ ಮತ್ತು ಎತ್ತರ

ಮರದ ಸುತ್ತಳತೆಯನ್ನು ಎದೆಯ ಮಟ್ಟದಲ್ಲಿ ಟೇಪಿನಿಂದ ಅಳೆಯುತ್ತಾರೆ. ಭಾರತದಲ್ಲಿ ಈ ಮಟ್ಟವು ನೆಲದಿಂದ 1.37 ಮೀಟರ್ (ನಾಲ್ಕೂವರೆ ಅಡಿ); ಇತರ ಹಲವು ದೇಶಗಳಲ್ಲಿ 1.3 ಮೀಟರ್. ಸುತ್ತಳತೆಯನ್ನು 3.1416ರಿಂದ ಭಾಗಿಸಿದರೆ ವ್ಯಾಸ ದೊರೆಯುತ್ತದೆ. ಎತ್ತರವನ್ನು ತ್ರಿಕೋನಮಿತಿಯ ನೆರವಿನಿಂದ ಕಂಡುಹಿಡಿಯಲಾಗುತ್ತದೆ. ಸಮತಟ್ಟಾದ ನೆಲದಲ್ಲಿ ಮರದಿಂದ 20 ಮೀಟರ್ ದೂರ ನಿಂತಾಗ ತುದಿಯು 40 ಡಿಗ್ರಿ ಕೋನದಲ್ಲಿ ಕಂಡರೆ, ಕಣ್ಣಿನ ಮಟ್ಟದಿಂದ ಮೇಲಿನ ಎತ್ತರ 20 × 0.839, ಅಂದರೆ 16.8 ಮೀಟರ್. ಇದಕ್ಕೆ ಕಣ್ಣಿನ ಎತ್ತರವಾದ ಸುಮಾರು 1.5 ಮೀಟರನ್ನು ಕೂಡಿಸಬೇಕು.

### ಅಳತೆಯಿಂದ ತೂಕಕ್ಕೆ

ಮರವನ್ನು ಕಡಿಯದೆ ಅದರ ತೂಕವನ್ನು ತಿಳಿಯಲು ಸಮೀಕರಣಗಳನ್ನು ಬಳಸಲಾಗುತ್ತದೆ. ಹಿಂದೆ ಕಡಿದು ತೂಗಿದ ಮರಗಳ ಅಳತೆ ಮತ್ತು ತೂಕಗಳ ನಡುವಿನ ಸಂಬಂಧವೇ ಇಂತಹ ಸಮೀಕರಣಗಳ ಆಧಾರ. ಜೆರೋಮ್ ಷಾವ್ ಮತ್ತು ಸಂಗಡಿಗರು 2014ರಲ್ಲಿ ಉಷ್ಣವಲಯದ 58 ತಾಣಗಳ 4,004 ಮರಗಳ ಮಾಹಿತಿಯಿಂದ ರೂಪಿಸಿದ ಸಮೀಕರಣವು ವ್ಯಾಪಕ ಬಳಕೆಯಲ್ಲಿದೆ. ಅದರಂತೆ ಕಟ್ಟಿಗೆಯ ಸಾಂದ್ರತೆ, ಸೆಂಟಿಮೀಟರುಗಳಲ್ಲಿ ವ್ಯಾಸದ ವರ್ಗ, ಮೀಟರುಗಳಲ್ಲಿ ಎತ್ತರ ಇವು ಮೂರನ್ನು ಗುಣಿಸಿ, ಗುಣಲಬ್ಧವನ್ನು 0.976ನೆಯ ಘಾತಕ್ಕೆ ಏರಿಸಿ, ಬಂದುದನ್ನು 0.0673ರಿಂದ ಗುಣಿಸಿದರೆ ನೆಲದ ಮೇಲಿನ ಒಣತೂಕವು ಕಿಲೋಗ್ರಾಂಗಳಲ್ಲಿ ದೊರೆಯುತ್ತದೆ.

ಕಟ್ಟಿಗೆಯ ಸಾಂದ್ರತೆಯು ಜಾತಿಯಿಂದ ಜಾತಿಗೆ ಬೇರೆಯಾಗುತ್ತದೆ. ಒಂದೇ ಗಾತ್ರದ ಬೂರುಗದ ಮರಕ್ಕಿಂತ ತೇಗವೂ, ತೇಗಕ್ಕಿಂತ ಮತ್ತಿಯೂ ಹೆಚ್ಚು ಇಂಗಾಲವನ್ನು ಹೊಂದಿರುತ್ತವೆ. ಆದುದರಿಂದ ಮರದ ಜಾತಿಯನ್ನು ಸರಿಯಾಗಿ ಗುರುತಿಸುವುದು ಅಳತೆಯಷ್ಟೇ ಅಗತ್ಯವಾದ ಕೆಲಸ.

### ಒಂದು ತೇಗದ ಮರದ ಲೆಕ್ಕ

ಸುತ್ತಳತೆ 94.2 ಸೆಂಟಿಮೀಟರ್, ಎತ್ತರ 18 ಮೀಟರ್ ಇರುವ ತೇಗದ ಮರವೊಂದನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು.

1. ವ್ಯಾಸ: 94.2 ÷ 3.1416 = ಸುಮಾರು 30 ಸೆಂ.ಮೀ.
2. ಸಾಂದ್ರತೆ 0.55 ಎಂದು ಹಿಡಿದರೆ ಗುಣಲಬ್ಧ: 0.55 × 900 × 18 = 8,910
3. ಮೇಲಿನ ಸಮೀಕರಣದಂತೆ ನೆಲದ ಮೇಲಿನ ಒಣತೂಕ: ಸುಮಾರು 482 ಕೆ.ಜಿ.
4. ಬೇರುಗಳ ತೂಕವನ್ನು ಮೇಲಿನ ಭಾಗದ 0.24ರಷ್ಟು ಎಂದು ಹಿಡಿದರೆ: ಸುಮಾರು 116 ಕೆ.ಜಿ.
5. ಒಟ್ಟು ಒಣತೂಕ: 598 ಕೆ.ಜಿ.
6. ಒಣತೂಕದಲ್ಲಿ ಇಂಗಾಲದ ಪಾಲು 0.47: ಸುಮಾರು 281 ಕೆ.ಜಿ. ಇಂಗಾಲ
7. ಇಂಗಾಲದ ಡೈಆಕ್ಸೈಡಿಗೆ ಪರಿವರ್ತನೆ (44 ÷ 12ರಿಂದ ಗುಣಾಕಾರ): ಸುಮಾರು 1,030 ಕೆ.ಜಿ.

ಅಂದರೆ ಮಧ್ಯಮ ಗಾತ್ರದ ಒಂದು ತೇಗದ ಮರವು ತನ್ನ ಆಯುಷ್ಯದಲ್ಲಿ ಅದುವರೆಗೆ ಸುಮಾರು ಒಂದು ಟನ್ ಇಂಗಾಲದ ಡೈಆಕ್ಸೈಡನ್ನು ಹಿಡಿದಿಟ್ಟುಕೊಂಡಿದೆ. ಇದು ಒಂದು ವರ್ಷದ ಪ್ರಮಾಣವಲ್ಲ. ಇಂಗಾಲದ ತೂಕ ಮತ್ತು ಇಂಗಾಲದ ಡೈಆಕ್ಸೈಡಿನ ತೂಕಗಳ ನಡುವೆ 3.67 ಪಟ್ಟು ವ್ಯತ್ಯಾಸವಿರುವುದರಿಂದ, ಅಂಕಿಯು ಯಾವುದಕ್ಕೆ ಸಂಬಂಧಿಸಿದುದೆಂದು ನೋಡದೆ ಹೋಲಿಸಿದರೆ ತಪ್ಪು ತಿಳಿವಳಿಕೆ ಉಂಟಾಗುತ್ತದೆ.

ಈ ಲೆಕ್ಕದಲ್ಲಿ ವ್ಯಾಸದ ವರ್ಗ ಬರುವುದರಿಂದ ಸಣ್ಣ ದೋಷವೂ ದೊಡ್ಡದಾಗುತ್ತದೆ. ವ್ಯಾಸವನ್ನು ಶೇಕಡಾ 5ರಷ್ಟು ಹೆಚ್ಚಾಗಿ ಅಳೆದರೆ ತೂಕವು ಸುಮಾರು ಶೇಕಡಾ 10ರಷ್ಟು ಹೆಚ್ಚಾಗಿ ಬರುತ್ತದೆ.

### ಮಣ್ಣಿನ ಇಂಗಾಲ

ಮಣ್ಣಿನ ಇಂಗಾಲವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಗುತ್ತದೆ. 1934ರಲ್ಲಿ ಪ್ರಕಟವಾದ ವಾಕ್ಲಿ–ಬ್ಲ್ಯಾಕ್ ವಿಧಾನವು ಇಂದಿಗೂ ಬಳಕೆಯಲ್ಲಿದೆ. ಇಂಗಾಲದ ಶೇಕಡಾ ಪ್ರಮಾಣ, ಪ್ರತಿ ಘನ ಸೆಂಟಿಮೀಟರ್ ಮಣ್ಣಿನ ಒಣತೂಕ ಹಾಗೂ ಸೆಂಟಿಮೀಟರುಗಳಲ್ಲಿ ಆಳ ಇವುಗಳನ್ನು ಗುಣಿಸಿದರೆ ಹೆಕ್ಟೇರಿಗೆ ಟನ್ನುಗಳ ಲೆಕ್ಕ ದೊರೆಯುತ್ತದೆ. ಉದಾಹರಣೆಗೆ 1.5 ಶೇಕಡಾ ಇಂಗಾಲ, 1.2 ಗ್ರಾಂ ತೂಕ, 30 ಸೆಂ.ಮೀ. ಆಳವಿದ್ದರೆ 1.5 × 1.2 × 30 = 54 ಟನ್.

## ಭವಿಷ್ಯದ ಅಂದಾಜು

ಒಂದೇ ತುಂಡನ್ನು ಹಲವು ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಅಳೆಯುವುದು ಎಲ್ಲ ಅಂದಾಜುಗಳಿಗೂ ಬುನಾದಿ. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರವು 1984ರಲ್ಲಿ ಉತ್ತರ ಕನ್ನಡ ಜಿಲ್ಲೆಯಲ್ಲಿ ಒಂದೊಂದು ಹೆಕ್ಟೇರಿನ ಶಾಶ್ವತ ತುಂಡುಗಳನ್ನೂ, 1988ರಲ್ಲಿ ತಮಿಳುನಾಡಿನ ಮುದುಮಲೆಯಲ್ಲಿ 50 ಹೆಕ್ಟೇರಿನ ತುಂಡನ್ನೂ ಸ್ಥಾಪಿಸಿತು. ಹೊಸದಾಗಿ ಹುಟ್ಟಿದ, ಬೆಳೆದ ಮತ್ತು ಸತ್ತ ಮರಗಳ ದಾಖಲೆ ಇಂತಹ ತಾಣಗಳಿಂದ ದೊರೆಯುತ್ತದೆ. ಇದೇ ಸಂಸ್ಥೆಯ ಎನ್.ಎಚ್. ರವೀಂದ್ರನಾಥ್ ಅವರು ಮ್ಯಾಡ್ಲೀನ್ ಓಸ್ಟ್‌ವಾಲ್ಡ್ ಅವರೊಡನೆ 2008ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಕೈಪಿಡಿ 'ಕಾರ್ಬನ್ ಇನ್ವೆಂಟರಿ ಮೆಥಡ್ಸ್' ಈ ವಿಷಯದ ಆಧಾರಗ್ರಂಥಗಳಲ್ಲೊಂದು.

ಅಂದಾಜಿಗೆ ಮೂರು ಬಗೆಯ ಸಾಧನಗಳಿವೆ.

* ಇಳುವರಿ ಪಟ್ಟಿಗಳು: ತೇಗದಂತಹ ಜಾತಿಗಳು ನೆಲದ ಗುಣಮಟ್ಟಕ್ಕೆ ಅನುಗುಣವಾಗಿ ಯಾವ ವಯಸ್ಸಿನಲ್ಲಿ ಎಷ್ಟು ಬೆಳೆದಿರುತ್ತವೆ ಎಂಬುದನ್ನು ಇವು ಕೊಡುತ್ತವೆ. ಮರಮುಟ್ಟಿನ ಆದಾಯವನ್ನು ಲೆಕ್ಕಹಾಕಲು ಹುಟ್ಟಿದ ಈ ಪಟ್ಟಿಗಳು ಇಂದು ಇಂಗಾಲದ ಲೆಕ್ಕಕ್ಕೂ ಒದಗುತ್ತವೆ.
* ಬೆಳವಣಿಗೆಯ ವಕ್ರರೇಖೆಗಳು: ನೆಡುತೋಪು ಮೊದಲು ನಿಧಾನವಾಗಿ, ನಡುವೆ ವೇಗವಾಗಿ, ಬಲಿತ ಮೇಲೆ ಮತ್ತೆ ನಿಧಾನವಾಗಿ ಬೆಳೆಯುತ್ತದೆ. ಈ ಮೂರು ಹಂತಗಳನ್ನು ಗಣಿತದ ರೇಖೆಯಾಗಿ ಬರೆಯಲಾಗುತ್ತದೆ.
* ಪ್ರಕ್ರಿಯಾ ಮಾದರಿಗಳು: ಮಳೆ, ಬಿಸಿಲು, ಉಷ್ಣತೆ, ಮಣ್ಣಿನ ತೇವ ಮೊದಲಾದವುಗಳಿಂದ ಬೆಳವಣಿಗೆಯನ್ನು ಗಣಕದಲ್ಲಿ ಲೆಕ್ಕಹಾಕುವ ಮಾದರಿಗಳಿವು. ಲ್ಯಾಂಡ್ಸ್‌ಬರ್ಗ್ ಮತ್ತು ವೇರಿಂಗ್ ಅವರು 1997ರಲ್ಲಿ ಪ್ರಕಟಿಸಿದ 3-ಪಿಜಿ ಮಾದರಿಯು ನೆಡುತೋಪುಗಳಿಗೆ ಹೆಸರಾಗಿದೆ.

ಕಡಿಯಲೆಂದೇ ಬೆಳೆಸುವ ನೆಡುತೋಪಿನಲ್ಲಿ ಗರಿಷ್ಠ ಸಂಗ್ರಹವನ್ನು ಲೆಕ್ಕಕ್ಕೆ ಹಿಡಿಯುವುದು ದಾರಿತಪ್ಪಿಸುತ್ತದೆ. ತೋಪೊಂದು ಹತ್ತು ವರ್ಷಗಳಲ್ಲಿ ಹೆಕ್ಟೇರಿಗೆ 40 ಟನ್ ಇಂಗಾಲ ಸಂಗ್ರಹಿಸಿ, ಬಳಿಕ ಕಡಿಯಲ್ಪಟ್ಟು ಮತ್ತೆ ಸೊನ್ನೆಯಿಂದ ಬೆಳೆಯುತ್ತದೆಂದು ಊಹಿಸಿದರೆ, ದೀರ್ಘಕಾಲದ ಸರಾಸರಿ ಸಂಗ್ರಹ ಸುಮಾರು 20 ಟನ್ ಮಾತ್ರ. ಕಡಿದ ಮರವು ಕಾಗದವಾದರೆ ಅದರ ಇಂಗಾಲ ಬೇಗನೆ ಗಾಳಿಗೆ ಮರಳುತ್ತದೆ. ಬಾಗಿಲು, ತೊಲೆಯಾದರೆ ದಶಕಗಳ ಕಾಲ ಉಳಿಯುತ್ತದೆ.

## ಅಮೃತಾಪುರದ ಸುತ್ತಲಿನ ನೆಲ

ಒಂದೇ ಸೂತ್ರವನ್ನು ಎಲ್ಲೆಡೆ ಅನ್ವಯಿಸಲಾಗದು ಎಂಬುದಕ್ಕೆ ಚಿಕ್ಕಮಗಳೂರು ಜಿಲ್ಲೆಯ ತರೀಕೆರೆ, ಅಜ್ಜಂಪುರ, ಕಡೂರು ಸೀಮೆಯು ಉತ್ತಮ ನಿದರ್ಶನ. 1196ರಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ನಿರ್ಮಾಣವಾದ ಅಮೃತೇಶ್ವರ ದೇವಾಲಯದಿಂದ ಪ್ರಸಿದ್ಧವಾದ ಅಮೃತಾಪುರವು ಮಲೆನಾಡು ಮುಗಿದು ಬಯಲುಸೀಮೆ ಆರಂಭವಾಗುವ ಅಂಚಿನಲ್ಲಿದೆ.

ಭದ್ರಾ ಅರಣ್ಯ. ಪಶ್ಚಿಮಕ್ಕೆ ಲಕ್ಕವಳ್ಳಿಯ ಆಚೆ, 1998ರಲ್ಲಿ ಹುಲಿ ಯೋಜನೆಗೆ ಸೇರಿದ ಭದ್ರಾ ಅಭಯಾರಣ್ಯವಿದೆ. ತೇಗ, ಮತ್ತಿ, ಹೊನ್ನೆ, ನಂದಿ, ಬೀಟೆ ಮರಗಳೂ ಬಿದಿರೂ ಬೆರೆತ ಎಲೆಯುದುರುವ ಕಾಡು ಇದರ ಮುಖ್ಯ ಭಾಗ. ಜಾತಿಗಳು ಹಲವಾಗಿರುವುದರಿಂದ ಇಲ್ಲಿ ಪ್ರತಿ ಜಾತಿಯ ಸಾಂದ್ರತೆಯನ್ನು ಪ್ರತ್ಯೇಕವಾಗಿ ಹಿಡಿಯಬೇಕಾಗುತ್ತದೆ. ಜಾಗರ ಕಣಿವೆಯಲ್ಲಿ ಸುಮಾರು 5 ಮೀಟರ್ ಸುತ್ತಳತೆಯ ಪ್ರಸಿದ್ಧ ತೇಗದ ಮರವೊಂದಿದೆ. ಇಂತಹ ಮುದಿಮರಗಳಲ್ಲಿ ಪೊಟರೆಯಿದ್ದರೆ ಸಮೀಕರಣವು ಇರುವುದಕ್ಕಿಂತ ಹೆಚ್ಚಿನ ತೂಕವನ್ನು ತೋರಿಸುತ್ತದೆ. ಬಿದಿರಿಗೆ ಬೇರೆಯೇ ಸಮೀಕರಣ ಬೇಕು. ಅದು ದಶಕಗಳಿಗೊಮ್ಮೆ ಒಟ್ಟಾಗಿ ಹೂಬಿಟ್ಟು ಸಾಯುವುದರಿಂದ ಅಂದಾಜು ಏರುಪೇರಾಗುತ್ತದೆ. ಬೇಸಿಗೆಯ ಕಾಳ್ಗಿಚ್ಚು ತರಗನ್ನೂ ಎಳೆಯ ಸಸಿಗಳನ್ನೂ ಸುಡುತ್ತದೆ.

ತೋಟಗಳು. ತರೀಕೆರೆ ಸೀಮೆಯ ಅಡಿಕೆ ಮತ್ತು ತೆಂಗು ತಾಳೆಯ ಜಾತಿಗೆ ಸೇರಿದವು. ಮರ ಬಲಿತಂತೆ ಇವುಗಳ ಕಾಂಡವು ಇತರ ಮರಗಳಂತೆ ದಪ್ಪವಾಗದೆ ಎತ್ತರವಾಗಿ ಮಾತ್ರ ಬೆಳೆಯುತ್ತದೆ. ಆದ್ದರಿಂದ ವ್ಯಾಸವನ್ನು ಆಧರಿಸಿದ ಸಮೀಕರಣ ಇವುಗಳಿಗೆ ಸಲ್ಲದು, ಎತ್ತರವನ್ನು ಆಧರಿಸಿದ ಸಮೀಕರಣ ಬೇಕು. ಬಾಬಾಬುಡನ್‌ಗಿರಿಯ ತಪ್ಪಲಿನ ಕಾಫಿ ತೋಟಗಳಲ್ಲಿ ನೆರಳಿನ ಮರಗಳ ಕೊಂಬೆಗಳನ್ನು ಆಗಾಗ್ಗೆ ಸವರುತ್ತಾರೆ. ಕಾಂಡದ ಗಾತ್ರವನ್ನಷ್ಟೇ ನೋಡಿದರೆ ಅಲ್ಲಿಯೂ ಲೆಕ್ಕ ಹೆಚ್ಚಾಗುತ್ತದೆ.

ನೆಡುತೋಪುಗಳು. ಈ ಭಾಗದಲ್ಲಿ ತೇಗ, ನೀಲಗಿರಿ, ಅಕೇಶಿಯಾ ನೆಡುತೋಪುಗಳನ್ನು ಬೆಳೆಸಲಾಗಿದೆ. ಒಂದೇ ವಯಸ್ಸಿನ ಒಂದೇ ಜಾತಿಯ ಮರಗಳು ಸಾಲಾಗಿ ನಿಂತಿರುವುದರಿಂದ ಇವುಗಳ ಮಾಪನ ಸುಲಭ, ಅಂದಾಜೂ ಹೆಚ್ಚು ನಿಖರ. ಆದರೆ ಅಳೆಯಲು ಸುಲಭವಾದುದೇ ಶ್ರೇಷ್ಠವೆಂದು ಅರ್ಥವಲ್ಲ. ವೇಗವಾಗಿ ಬೆಳೆಯುವ ತೋಪು ವರ್ಷಕ್ಕೆ ಹೆಚ್ಚು ಇಂಗಾಲವನ್ನು ಹೀರಬಹುದು. ಬಲಿತ ಸಹಜಾರಣ್ಯವು ನಿಧಾನವಾಗಿ ಹೀರಿದರೂ ಶತಮಾನಗಳಿಂದ ಕೂಡಿಟ್ಟ ದೊಡ್ಡ ಸಂಗ್ರಹವನ್ನು ಕಾಯ್ದುಕೊಂಡಿರುತ್ತದೆ.

ಕಾವಲುಗಳು. ಪೂರ್ವದ ಅಜ್ಜಂಪುರ ಮತ್ತು ಕಡೂರಿನ ಕಡೆಗೆ ಅಮೃತಮಹಲ್ ಕಾವಲುಗಳೆಂಬ ಹುಲ್ಲುಗಾವಲುಗಳಿವೆ. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಅದು ಕೃಷ್ಣಮೃಗಗಳ ನೆಲೆ. ಹುಲ್ಲುಗಾವಲಿನ ಇಂಗಾಲ ಬಹುಪಾಲು ಬೇರು ಮತ್ತು ಮಣ್ಣಿನಲ್ಲಿರುತ್ತದೆ. ಮರಗಳನ್ನು ಮಾತ್ರ ಎಣಿಸುವ ಲೆಕ್ಕದಲ್ಲಿ ಕಾವಲು ಬರಿದಾದ ಭೂಮಿಯಂತೆ ಕಾಣುತ್ತದೆ. ಅದನ್ನು ಉತ್ತು ನೀಲಗಿರಿ ನೆಟ್ಟರೆ ಕಾಗದದ ಮೇಲೆ ಇಂಗಾಲ ಹೆಚ್ಚಿದಂತೆ ತೋರಿದರೂ, ಮಣ್ಣಿನಿಂದ ಹೊರಬಿದ್ದ ಇಂಗಾಲ, ಕಳೆದುಹೋದ ಮೇವು ಮತ್ತು ವನ್ಯಜೀವಿಗಳ ನೆಲೆ ಆ ಲೆಕ್ಕಕ್ಕೆ ಸಿಗುವುದಿಲ್ಲ.

## ಉಪಗ್ರಹಗಳ ಬಳಕೆ

ಉಪಗ್ರಹ ಚಿತ್ರಗಳು ಕಾಡಿನ ವಿಸ್ತಾರ ಮತ್ತು ಸಾಂದ್ರತೆಯ ಬದಲಾವಣೆಯನ್ನು ತೋರಿಸುತ್ತವೆ. ನಾಸಾ ಸಂಸ್ಥೆಯು 2018ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕಳುಹಿಸಿದ ಗೆಡಿ ಉಪಕರಣವು ಲೇಸರ್ ಕಿರಣಗಳಿಂದ ಮರಗಳ ಎತ್ತರವನ್ನು ಅಳೆಯುತ್ತದೆ. ಇಸ್ರೋ ಮತ್ತು ನಾಸಾ ಜಂಟಿಯಾಗಿ ರೂಪಿಸಿದ ನಿಸಾರ್ ಉಪಗ್ರಹವು 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಉಡಾವಣೆಗೊಂಡಿತು. ಇದರ ರೇಡಾರ್ ಮೋಡ ಕವಿದ ಮಳೆಗಾಲದಲ್ಲೂ ಕೆಲಸ ಮಾಡಬಲ್ಲದು. ಆದರೆ ದಟ್ಟವಾದ ಕಾಡಿನಲ್ಲಿ ಒಂದು ಮಿತಿಯ ನಂತರ ರೇಡಾರ್ ಸಂಕೇತವು ಜೈವಿಕ ರಾಶಿಯ ಹೆಚ್ಚಳವನ್ನು ಗುರುತಿಸಲಾರದು. ಉಪಗ್ರಹದ ಅಂದಾಜನ್ನು ನೆಲದ ಮೇಲಿನ ಟೇಪಿನ ಅಳತೆಯೊಡನೆ ಹೋಲಿಸಿ ಸರಿಪಡಿಸುವುದು ಅನಿವಾರ್ಯ.

## ಇಂಗಾಲದ ಮಾರಾಟ ಮತ್ತು ವಿವಾದಗಳು

ವಾತಾವರಣದಿಂದ ಒಂದು ಟನ್ ಇಂಗಾಲದ ಡೈಆಕ್ಸೈಡನ್ನು ತೆಗೆದುದಕ್ಕೆ ಅಥವಾ ಸೇರದಂತೆ ತಡೆದುದಕ್ಕೆ ಒಂದು ಇಂಗಾಲ ಕ್ರೆಡಿಟ್ ದೊರೆಯುತ್ತದೆ. ಮರ ನೆಟ್ಟ ರೈತರಿಗೂ ಇದರಿಂದ ಆದಾಯ ದೊರೆಯಬಹುದೆಂಬ ನಿರೀಕ್ಷೆಯಿದೆ. ಕರ್ನಾಟಕ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯು ಬದುಕುಳಿದ ಸಸಿಗಳ ಸಂಖ್ಯೆಯನ್ನು ನೋಡಿ ಸಹಾಯಧನ ನೀಡುತ್ತದೆ; ಇಂಗಾಲ ಕ್ರೆಡಿಟ್ ಹಾಗಲ್ಲ, ಅದಕ್ಕೆ ಟನ್ನುಗಳ ಲೆಕ್ಕ ಬೇಕು. ಆ ಲೆಕ್ಕವನ್ನು ಒಪ್ಪುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಲಾಗುತ್ತದೆ.

* ಹೆಚ್ಚುವರಿತನ: ಯೋಜನೆ ಇಲ್ಲದಿದ್ದರೂ ಆ ಮರಗಳು ಬೆಳೆಯುತ್ತಿದ್ದವೇ?
* ಸೋರಿಕೆ: ಇಲ್ಲಿ ಕಡಿಯುವುದನ್ನು ತಡೆದುದರಿಂದ ಬೇರೆಡೆ ಕಡಿಯುವುದು ಹೆಚ್ಚಿತೇ?
* ಶಾಶ್ವತತೆ: ಬೆಂಕಿ, ರೋಗ, ಕಡಿತಲೆಗಳಿಂದ ಆ ಸಂಗ್ರಹ ನಾಳೆ ಕರಗಿಹೋದೀತೇ?

ಇವಕ್ಕೆ ಉತ್ತರವು ಅಂದಾಜನ್ನು ಅವಲಂಬಿಸಿದೆ. ಅಂದಾಜನ್ನು ಉಬ್ಬಿಸಿದರೆ, ಇಲ್ಲದ ಇಂಗಾಲವನ್ನು ಕೊಂಡ ಕಾರ್ಖಾನೆಯು ಅಷ್ಟು ಹೊಗೆಯನ್ನು ಹೊರಬಿಡಲು ಅವಕಾಶ ಪಡೆದಂತಾಗುತ್ತದೆ. ಕುಗ್ಗಿಸಿದರೆ ಮರವನ್ನು ಕಾಪಾಡಿದವರಿಗೆ ನ್ಯಾಯವಾದ ಪ್ರತಿಫಲ ತಪ್ಪುತ್ತದೆ. ಈ ಕಾರಣದಿಂದ ಅಂಕಿಯೊಂದಿಗೆ ಅದರ ದೋಷಮಿತಿಯನ್ನೂ, ಬಳಸಿದ ಸಮೀಕರಣವನ್ನೂ, ಅಳತೆಯ ವರ್ಷವನ್ನೂ ನಮೂದಿಸುವುದು ಉತ್ತಮ ಪದ್ಧತಿಯೆಂದು ಪರಿಗಣಿತವಾಗಿದೆ.

## ಇವನ್ನೂ ನೋಡಿ

* ದ್ಯುತಿಸಂಶ್ಲೇಷಣೆ
* ಹವಾಮಾನ ಬದಲಾವಣೆ
* ಭದ್ರಾ ವನ್ಯಜೀವಿ ಅಭಯಾರಣ್ಯ
* ಅಮೃತಮಹಲ್
* ಅಮೃತೇಶ್ವರ ದೇವಾಲಯ, ಅಮೃತಾಪುರ