ದೊಡ್ಡ ಮಳಿಗೆಗೆ ಬಾಡಿಗೆ ಕಡಿಮೆ ಏಕೆ?

ಆಸ್ಟ್ರೇಲಿಯಾದ ಹೊರಬಡಾವಣೆಗಳ ಶಾಪಿಂಗ್ ಸೆಂಟರುಗಳಲ್ಲಿ ಚದರ ಮೀಟರಿಗೆ ಹೆಚ್ಚು ಬಾಡಿಗೆ ತೆರುವವರು ಸಾಮಾನ್ಯವಾಗಿ ಪುಟ್ಟ ಅಂಗಡಿಯವರು: ಮೊಬೈಲ್ ಕವರ್, ಒಡವೆ, ಹಣ್ಣಿನ ರಸ ಮಾರುವವರು. ಒಂದು ತುದಿಯನ್ನೇ ಆವರಿಸಿಕೊಂಡ ಮೈಯರ್ ಡಿಪಾರ್ಟ್‌ಮೆಂಟ್ ಸ್ಟೋರ್ ಅಥವಾ ಕೋಲ್ಸ್ ಸೂಪರ್‌ಮಾರ್ಕೆಟ್ ತೆರುವ ದರ ಅದಕ್ಕಿಂತ ಎಷ್ಟೋ ಕಡಿಮೆ. ಹೆಚ್ಚು ಜಾಗ ಹಿಡಿದವರಿಗೆ ರಿಯಾಯಿತಿ ಎನ್ನುವುದು ಅರ್ಧ ಉತ್ತರ. ಇನ್ನರ್ಧಕ್ಕೆ ಈ ಸೆಂಟರುಗಳು ಹುಟ್ಟಿದ ಬಗೆಯನ್ನು ನೋಡಬೇಕು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿನ ನಗರಗಳು ಟ್ರಾಮ್ ಹಳಿ ದಾಟಿ ಬೆಳೆದವು. 1948ರಲ್ಲಿ ಹೋಲ್ಡನ್ ಕಾರು ಬಂತು, 1950ರಲ್ಲಿ ಪೆಟ್ರೋಲ್ ಪಡಿತರ ಕೊನೆಗೊಂಡಿತು. ಮನೆ ಮಾಡಿಕೊಂಡು ದೂರ ಹೋದ ಗಿರಾಕಿಗಳನ್ನು ಪೇಟೆಯ ದೊಡ್ಡ ಅಂಗಡಿಗಳು ಹಿಂಬಾಲಿಸಿದವು. ಬ್ರಿಸ್ಬೇನಿನ ಅಲನ್ ಅಂಡ್ ಸ್ಟಾರ್ಕ್ ಸಂಸ್ಥೆ 1957ರ ಮೇ 30ರಂದು ಚರ್ಮ್‌ಸೈಡ್‌ನಲ್ಲಿ ಕಾರಿನವರಿಗೆಂದೇ ಕಟ್ಟಿದ ಸೆಂಟರನ್ನು ತೆರೆಯಿತು. ಯಹೂದಿ ನರಮೇಧದಿಂದ ಬದುಕುಳಿದು ವಲಸೆ ಬಂದ ಫ್ರಾಂಕ್ ಲೋವಿ ಮತ್ತು ಜಾನ್ ಸೌಂಡರ್ಸ್ ಸಿಡ್ನಿಯ ಬ್ಲ್ಯಾಕ್‌ಟೌನ್‌ನಲ್ಲಿ ಸಣ್ಣ ತಿನಿಸಿನಂಗಡಿ ನಡೆಸುತ್ತಿದ್ದರು. 1959ರಲ್ಲಿ ಅಲ್ಲೇ ಮೊದಲ ವೆಸ್ಟ್‌ಫೀಲ್ಡ್ ಶಾಪಿಂಗ್ ಸೆಂಟರ್ ಕಟ್ಟಿದರು. ಮರುವರ್ಷ ಮೆಲ್ಬರ್ನಿನಲ್ಲಿ ಮೈಯರ್ ಸಂಸ್ಥೆಯ ಚ್ಯಾಡ್‌ಸ್ಟನ್ ಬಾಗಿಲು ತೆರೆಯಿತು.

ಹೊಸ ಸೆಂಟರನ್ನು ಎಲ್ಲಿ, ಎಷ್ಟು ದೊಡ್ಡದಾಗಿ ಕಟ್ಟಬೇಕು? ಈ ಪ್ರಶ್ನೆಗೆ ಭೂಗೋಳ ಮತ್ತು ಅರ್ಥಶಾಸ್ತ್ರದವರು ನ್ಯೂಟನ್ನನ ಗುರುತ್ವ ನಿಯಮದಿಂದ ಸಾಲ ಪಡೆದರು. ಅಮೆರಿಕದ ವಿಲಿಯಂ ರೈಲಿ 1931ರಲ್ಲಿ ಹಾಕಿಕೊಟ್ಟ ದಾರಿಯನ್ನು ಡೇವಿಡ್ ಹಫ್ 1960ರ ದಶಕದಲ್ಲಿ ತಿದ್ದಿದರು. ಹಫ್ ಸೂತ್ರದಲ್ಲಿ ಸೆಂಟರಿನ ಸೆಳೆತ ಅದರ ವಿಸ್ತೀರ್ಣದಷ್ಟು ಹೆಚ್ಚುತ್ತದೆ, ಪ್ರಯಾಣದ ಸಮಯದ ಒಂದು ಘಾತದಷ್ಟು ತಗ್ಗುತ್ತದೆ. ಘಾತವನ್ನು 2 ಎಂದುಕೊಳ್ಳೋಣ. ನಿಮ್ಮ ಮನೆಗೆ 10 ನಿಮಿಷದಲ್ಲಿ 10,000 ಚದರ ಮೀಟರಿನದು, 20 ನಿಮಿಷದಲ್ಲಿ 40,000 ಚದರ ಮೀಟರಿನದು ಇದ್ದರೆ ಎರಡರ ಸೆಳೆತವೂ ಸಮ. ದಾರಿ ಇಮ್ಮಡಿಯಾದರೆ ಕಟ್ಟಡ ನಾಲ್ಮಡಿಯಾಗಬೇಕು. ಘಾತ ಸರಕಿಗೆ ತಕ್ಕಂತೆ ಬದಲಾಗುತ್ತದೆ. ಹಾಲು, ಬ್ರೆಡ್ಡಿಗೆ ಯಾರೂ ದೂರ ಹೋಗುವುದಿಲ್ಲ; ಮದುವೆಯ ಉಡುಪಿಗೆ ಹೋಗುತ್ತಾರೆ. ಹಾಗಾಗಿಯೇ ಬಡಾವಣೆಯ ಸಣ್ಣ ಸೆಂಟರಿಗೆ ವುಲ್‌ವರ್ತ್ಸ್‌ನಂಥ ಸೂಪರ್‌ಮಾರ್ಕೆಟ್, ಔಷಧಿ ಅಂಗಡಿ, ಬೇಕರಿ ಸಾಕಾದರೆ, ಚ್ಯಾಡ್‌ಸ್ಟನ್ನಿನಂಥದ್ದಕ್ಕೆ ನೂರಾರು ಮಳಿಗೆ ಬೇಕು.

ಈ ಸೆಳೆತ ಎಲ್ಲ ಅಂಗಡಿಗಳಿಂದ ಒಂದೇ ಸಮ ಹುಟ್ಟುವುದಿಲ್ಲ. ಜನ ಮನೆಯಿಂದ ಹೊರಡುವುದು ಸೂಪರ್‌ಮಾರ್ಕೆಟ್ಟಿಗೋ ಡಿಪಾರ್ಟ್‌ಮೆಂಟ್ ಸ್ಟೋರಿಗೋ; ಮೊಬೈಲ್ ಕವರು ದಾರಿಯಲ್ಲಿ ಕಣ್ಣಿಗೆ ಬೀಳುತ್ತದೆ. ಜಾತ್ರೆಗೆ ಜನರನ್ನು ಕರೆಯುವುದು ತೇರು, ನೆಲಬಾಡಿಗೆ ಕಟ್ಟುವುದು ಬಳೆಗಾರ. ಅದಕ್ಕೇ ದೊಡ್ಡ ಮಳಿಗೆಗಳನ್ನು ಎರಡು ತುದಿಗಿಟ್ಟು ನಡುವಿನ ಓಣಿಯಲ್ಲಿ ಸಣ್ಣವನ್ನು ಜೋಡಿಸುತ್ತಾರೆ. ಬೀದಿಪೇಟೆಯಲ್ಲಿ ದೊಡ್ಡ ಅಂಗಡಿ ತಂದ ಜನರಿಂದ ನೆರೆಯವನಿಗೆ ಪುಕ್ಕಟೆ ಲಾಭ. ಇಡೀ ಕಟ್ಟಡ ಒಬ್ಬನದೇ ಆದಾಗ ಆ ಲಾಭಕ್ಕೆ ಬೆಲೆ ಕಟ್ಟಬಹುದು: ಜನರನ್ನು ಕರೆತರುವವನಿಗೆ ಇಳಿಸಿದ್ದನ್ನು ಲಾಭ ಪಡೆಯುವವನ ಮೇಲೆ ಏರಿಸುವುದು. ಪೀಟರ್ ಪಶಿಗಿಯನ್ ಮತ್ತು ಎರಿಕ್ ಗೌಲ್ಡ್ 1998ರಲ್ಲಿ ಅಮೆರಿಕದ ಮಾಲುಗಳ ಬಾಡಿಗೆಯನ್ನು ಪರಿಶೀಲಿಸಿ ತೋರಿಸಿದ್ದು ಇದನ್ನೇ. ಲೆಕ್ಕವಾಗಿ ಇದು ಸೊಗಸಾಗಿದೆ. ಆದರೆ ಇದರ ಅಪಾಯವೂ ಸಣ್ಣವರ ಪಾಲಿಗೇ ಬರುತ್ತದೆ ಎಂಬುದು ನನ್ನನ್ನು ಕಾಡುತ್ತದೆ.

ಏಕೆಂದರೆ ಸೆಳೆಯುವ ಮಳಿಗೆ ಸ್ಥಿರವಲ್ಲ. ಡಿಪಾರ್ಟ್‌ಮೆಂಟ್ ಸ್ಟೋರುಗಳು ಜಾಗ ಬಿಟ್ಟುಕೊಡುತ್ತಿವೆ. 2001ರಲ್ಲಿ ಜರ್ಮನಿಯಿಂದ ಬಂದ ಆಲ್ಡಿ ಸೂಪರ್‌ಮಾರ್ಕೆಟ್, ಅಗ್ಗದ ಸರಕಿನ ಕೇಮಾರ್ಟ್, ಸಿನಿಮಾ, ಊಟದ ಸಾಲುಗಳು ಜನ ತರುವ ಕೆಲಸ ವಹಿಸಿಕೊಳ್ಳುತ್ತಿವೆ. ಒಂದು ತುದಿಯ ದೊಡ್ಡ ಮಳಿಗೆ ಮುಚ್ಚಿದ ದಿನ ಓಣಿಯಲ್ಲಿ ನಡೆಯುವವರು ತೆಳುವಾಗುತ್ತಾರೆ, ಸಣ್ಣ ಅಂಗಡಿಯ ಕರಾರು ಮಾತ್ರ ಹಾಗೇ ಇರುತ್ತದೆ. ನ್ಯೂ ಸೌತ್ ವೇಲ್ಸ್‌ನ 1994ರ ಕಾನೂನಿನಂತೆ ಕರಾರಿಗೆ ಕನಿಷ್ಠ 7 ದಿನ ಮೊದಲು ಮಾಲೀಕ ಬಾಡಿಗೆದಾರನಿಗೆ ವಿವರಪತ್ರ ಕೊಡಬೇಕು. ದೊಡ್ಡ ಮಳಿಗೆಗಳ ಕರಾರು ಯಾವಾಗ ಮುಗಿಯುತ್ತದೆ ಎಂಬುದಕ್ಕೂ ಅದರಲ್ಲಿ ಜಾಗವಿದೆ. ಸಣ್ಣ ವ್ಯಾಪಾರಿ ಬಾಡಿಗೆಯ ಅಂಕಿಗಿಂತ ಮೊದಲು ನೋಡಬೇಕಾದದ್ದು ಆ ದಿನಾಂಕವನ್ನು.