ಯೋಚಿಸಿದರೆ ಫ್ಯಾನ್ ತಿರುಗುತ್ತದೆಯೇ?

ನಾನು ಕಲಿಸುವ ಮದ್ರಸ ಇರುವುದು ಕೋಲಾರ ಜಿಲ್ಲೆ ಮುಳಬಾಗಿಲು ತಾಲೂಕಿನ ಬೈರಕೂರಿನಲ್ಲಿ. ನಮ್ಮ ಕರಾವಳಿಯಲ್ಲಿ ಉಸ್ತಾದ್ ಅಂದ ಹಾಗೆ ಇಲ್ಲಿ ಹಜ್ರತ್ ಅನ್ನುತ್ತಾರೆ. ಮಕ್ಕಳ ಪಾಠ, ನಿಕಾಹ್, ಮಯ್ಯತ್ತಿನ ಕೆಲಸಗಳ ಜೊತೆಗೆ ಮೊಬೈಲಿಗೆ ಬಂದ ವಿಡಿಯೊ ನಿಜವೋ ಸುಳ್ಳೋ ಎಂದು ಹೇಳುವುದೂ ಈಗ ಹಜ್ರತ್ತರ ಕೆಲಸವೇ ಆಗಿದೆ.

ಹೋದ ವರ್ಷ ರಜೆಯಲ್ಲಿ ಸೌದಿಯಿಂದ ಬಂದಿದ್ದ ಒಬ್ಬರು ಅಸರ್ ನಮಾಝ್ ಮುಗಿದ ಮೇಲೆ ನನ್ನನ್ನು ಹಿಡಿದು ನಿಲ್ಲಿಸಿದರು. ಅವರ ಅಕ್ಕನ ಮಗನಿಗೆ 22 ವರ್ಷ. ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋಗಿ, ಮೇಲಿನಿಂದ ಬಿದ್ದು, ಕುತ್ತಿಗೆಯ ಹತ್ತಿರ ಬೆನ್ನುಹುರಿಗೆ ಪೆಟ್ಟಾಗಿತ್ತು. ತಲೆ ಆಡುತ್ತದೆ, ಮಾತು ಚೆನ್ನಾಗಿದೆ. ಕೈಕಾಲಿಲ್ಲ. ಮಾಮ ಮೊಬೈಲ್ ತೆಗೆದು ಒಂದು ವಿಡಿಯೊ ತೋರಿಸಿದರು. ತಲೆಗೆ ಕಪ್ಪು ಪಟ್ಟಿ ಕಟ್ಟಿಕೊಂಡ ಹುಡುಗನೊಬ್ಬ ಸುಮ್ಮನೆ ಕೂತಿದ್ದಾನೆ, ಗಾಲಿಕುರ್ಚಿ ತಾನಾಗಿ ಮುಂದೆ ಹೋಗುತ್ತಿದೆ.

"ಹಜ್ರತ್, ಯೋಚನೆ ಮಾಡಿದ್ರೆ ಸಾಕಂತೆ, ಮಿಷನ್ ಕೇಳ್ತದಂತೆ. ನಾನು ಒಂದು ತಂದೇ ಬಿಟ್ಟಿದ್ದೀನಿ. ನೀವು ಸ್ವಲ್ಪ ಓದಿದೋರು, ಬಂದು ನೋಡ್ರಿ."

ನನ್ನ ಓದು ಪಿಯುಸಿ. ಆದರೂ ಹೋದೆ. ಆ ಪಟ್ಟಿಯನ್ನು ಅರ್ಥ ಮಾಡಿಕೊಳ್ಳಲು ಹಲವು ದಿನ ಓದಬೇಕಾಯಿತು. ನಮ್ಮ ಮನೆಗಳಲ್ಲಿ ಗಲ್ಫಿನಿಂದ ಇಂಥ ವಸ್ತು ತರಿಸಲು ಯೋಚಿಸುತ್ತಿರುವವರು ಇನ್ನೂ ಇರಬಹುದು. ಅವರಿಗೆ ಪ್ರಯೋಜನವಾಗಲಿ ಎಂದು ತಿಳಿದುಕೊಂಡದ್ದನ್ನು ಬರೆಯುತ್ತಿದ್ದೇನೆ.

ಹೊಸದೇನಲ್ಲ

ಫಿಟ್ಸ್ ಬರುವ ಮಕ್ಕಳನ್ನು ನಿಮ್ಹಾನ್ಸ್‌ಗೋ ಮಂಗಳೂರಿನ ದೊಡ್ಡಾಸ್ಪತ್ರೆಗೋ ಕರೆದುಕೊಂಡು ಹೋದವರಿಗೆ ಇದು ಗೊತ್ತು. ತಲೆಗೆ ಅಲ್ಲಲ್ಲಿ ಪೇಸ್ಟ್ ಹಚ್ಚಿ ವೈರು ಅಂಟಿಸುತ್ತಾರೆ, ಪರದೆಯಲ್ಲಿ ಗೆರೆಗಳು ಓಡುತ್ತವೆ. ಅದೇ ಇಇಜಿ. ಜರ್ಮನಿಯ ಯೇನಾ ಊರಿನ ಮನೋವೈದ್ಯ ಹಾನ್ಸ್ ಬರ್ಗರ್ ಮನುಷ್ಯರ ಮೇಲೆ ಇದನ್ನು ಮೊದಲು ಮಾಡಿದ್ದು 1924ರಲ್ಲಿ, ಜಗತ್ತಿಗೆ ತಿಳಿಸಿದ್ದು 1929ರಲ್ಲಿ. ಈ ಅಲೆಗಳಿಂದ ಯಂತ್ರಕ್ಕೆ ಅಪ್ಪಣೆ ಕೊಡಬಹುದೇ ಎಂಬ ಪ್ರಶ್ನೆಯನ್ನು ಅಮೆರಿಕದಲ್ಲಿ ಝಾಕ್ ವಿದಾಲ್ ಎಂಬ ವಿಜ್ಞಾನಿ 1973ರಲ್ಲೇ ಎತ್ತಿದ್ದರು. ಆಸ್ಪತ್ರೆಯ ಆ ಯಂತ್ರವೇ ಸಣ್ಣದಾಗಿ ಅಂಗಡಿಗೆ ಬಂದಿದೆ. ನ್ಯೂರೋಸ್ಕೈ ಎಂಬ ಕಂಪೆನಿಯದು ಹಣೆಗೆ ಒಂದೇ ಸೆನ್ಸರ್, ಕಿವಿಗೊಂದು ಕ್ಲಿಪ್. ಇಮೋಟಿವ್ ಕಂಪೆನಿ 2009ರಲ್ಲಿ ಮಾರಾಟಕ್ಕೆ ತಂದ ಇಪೋಕ್ ಎಂಬುದಕ್ಕೆ 14 ಸೆನ್ಸರ್.

ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವು ಒಂದಕ್ಕೊಂದು ಮಾತಾಡುವುದು ವಿದ್ಯುತ್ತಿನಿಂದ. ತುಂಬಾ ಕೋಶಗಳು ಒಟ್ಟಿಗೆ ಏರಿಳಿದಾಗ ಅದರ ಸಣ್ಣ ಪಾಲು ತಲೆಬುರುಡೆ, ಚರ್ಮ ದಾಟಿ ಹೊರಗೆ ಸಿಗುತ್ತದೆ. ಎಷ್ಟು ಸಣ್ಣದು? ಟಾರ್ಚಿನ ಒಂದು ಸೆಲ್ಲಿನಲ್ಲಿ ಒಂದೂವರೆ ವೋಲ್ಟ್ ಇರುತ್ತದಲ್ಲ, ಹೆಚ್ಚುಕಡಿಮೆ ಅದರ 30,000ದಲ್ಲಿ ಒಂದು ಪಾಲು. ಕಣ್ಣು ಮುಚ್ಚಿ ನೆಮ್ಮದಿಯಾಗಿದ್ದರೆ ಅಲೆ ಸೆಕೆಂಡಿಗೆ 8ರಿಂದ 13 ಸಲ ಏರಿಳಿಯುತ್ತದೆ. ಎಚ್ಚರದಿಂದ ಕೆಲಸದಲ್ಲಿದ್ದರೆ ಅದಕ್ಕಿಂತ ವೇಗ, ಗಾಢ ನಿದ್ದೆಯಲ್ಲಿ 4ಕ್ಕಿಂತ ಕಡಿಮೆ.

ಮದ್ರಸದ ಮಕ್ಕಳಿಗೆ ಇದನ್ನು ಹೇಳಿದಾಗ ಒಬ್ಬ ಪೋರ ಎದ್ದು ನಿಂತ. "ಹಜ್ರತ್, ಪಾಠದಾಗೆ ನಾವು ಕ್ರಿಕೆಟ್ ಯೋಚ್ನೆ ಮಾಡಿದ್ರೆ ಅದು ನಿಮ್ಗೆ ಹೇಳ್ಬಿಡ್ತದಾ?"

ಇಲ್ಲ. ನಾನು ಅವನಿಗೆ ಕೊಟ್ಟ ಉತ್ತರ ಇದು: ಬೆಳಿಗ್ಗೆ ಮದ್ರಸದ ಹೊರಗೆ ರಸ್ತೆಯಲ್ಲಿ ಹೋಗುವವನಿಗೆ ಒಳಗಿನ ಗುಂಯ್ ಶಬ್ದ ಕೇಳುತ್ತದೆ. ಪಾಠ ನಡೀತಿದೆಯೋ, ಮುಗಿದು ಮಕ್ಕಳೆಲ್ಲ ಮನೆಗೆ ಹೋದರೋ ಎಂದು ಹೇಳಬಲ್ಲ. ಯಾವ ಹುಡುಗ ಯಾವ ಆಯತ್ ಓದುತ್ತಿದ್ದಾನೆ ಎಂದು ಹೇಳಲಾರ. ಈ ಪಟ್ಟಿಯೂ ರಸ್ತೆಯಲ್ಲಿ ನಿಂತವನಂತೆಯೇ. ಮನಸ್ಸಿನೊಳಗಿನ ಮಾತು, ನಿಯ್ಯತ್ತು ಇದಕ್ಕೆ ಸಿಗುವುದಿಲ್ಲ.

ಹಾಗಾದರೆ ಗಾಲಿಕುರ್ಚಿ ಹೋದದ್ದು ಹೇಗೆ?

ವಿಡಿಯೊ ಸುಳ್ಳಾಗಿರಬೇಕೆಂದೇನಿಲ್ಲ. ಅಪ್ಪಣೆ ಕೊಡಲು ಮುಖ್ಯವಾಗಿ ಮೂರು ದಾರಿಗಳಿವೆ.

ಒಂದು, ಗಮನ. ಒಂದು ಸೆನ್ಸರಿನ ಅಗ್ಗದ ಪಟ್ಟಿಗಳು ಅಲೆಗಳನ್ನು ಲೆಕ್ಕ ಹಾಕಿ ಸೊನ್ನೆಯಿಂದ 100ರವರೆಗೆ ಅಂಕ ಕೊಡುತ್ತವೆ. ಅಂಕ ಇಷ್ಟು ದಾಟಿದರೆ ಸ್ವಿಚ್ ಬೀಳುತ್ತದೆ. ಹೊರಟು ನಿಲ್ಲುವುದಕ್ಕೆ ಇಷ್ಟು ಸಾಕು.

ಎರಡು, ಕೈ ಆಡಿಸಿದಂತೆ ಕಲ್ಪಿಸಿಕೊಳ್ಳುವುದು. ಬಲಗೈ ಎತ್ತಿದ ಹಾಗೆ ಮನಸ್ಸಿನಲ್ಲೇ ಭಾವಿಸಿದರೆ ಮೆದುಳಿನ ಎಡಭಾಗದ ಒಂದು ಲಯ ತಗ್ಗುತ್ತದೆ. ಎಡಗೈಯಾದರೆ ಬಲಭಾಗದಲ್ಲಿ. ಕುರ್ಚಿಯನ್ನು ಎಡಕ್ಕೆ ಬಲಕ್ಕೆ ತಿರುಗಿಸಲು ಇದು ಆಗುತ್ತದೆ. ಆದರೆ ವಾರಗಟ್ಟಲೆ ಅಭ್ಯಾಸ ಬೇಕು, ಎಷ್ಟು ಕಲಿತರೂ ಕೆಲವರಿಗೆ ಇದು ಬರುವುದೇ ಇಲ್ಲ.

ಮೂರು, ಅಕ್ಷರದ ಚೌಕ. ಅಮೆರಿಕದ ಫಾರ್ವೆಲ್ ಮತ್ತು ಡಾಂಚಿನ್ ಎಂಬವರು 1988ರಲ್ಲಿ ತೋರಿಸಿದ ವಿಧಾನವಿದು. ಪರದೆಯಲ್ಲಿ 36 ಚೌಕಗಳು. ಸಾಲುಗಳು ಒಂದಾದ ಮೇಲೊಂದು ಮಿನುಗುತ್ತವೆ. ನಮಗೆ ಬೇಕಾದ ಅಕ್ಷರ ಮಿನುಗಿದಾಗ ಸೆಕೆಂಡಿನ ಮೂರನೇ ಒಂದು ಪಾಲು ಕಳೆದು ಮೆದುಳಿನ ಅಲೆಯಲ್ಲಿ ಒಂದು ಉಬ್ಬು ಏಳುತ್ತದೆ. ಅದನ್ನು ಹಿಡಿದು ಕಂಪ್ಯೂಟರ್ ಅಕ್ಷರ ಬರೆಯುತ್ತದೆ. ಆಗ ಸಿಕ್ಕ ವೇಗ ನಿಮಿಷಕ್ಕೆ ಎರಡು ಅಕ್ಷರಕ್ಕಿಂತ ಸ್ವಲ್ಪ ಹೆಚ್ಚು. ಈಗ ಸುಧಾರಿಸಿದೆ, ಆದರೂ ಬೆರಳಿನ ವೇಗಕ್ಕೆ ಸಮನಲ್ಲ.

ಫುಟ್‌ಬಾಲ್ ನೋಡುವವರಿಗೆ ನೆನಪಿರಬಹುದು. 2014ರ ಜೂನ್ 12ರಂದು ಬ್ರೆಝಿಲ್ ವಿಶ್ವಕಪ್ಪಿನ ಉದ್ಘಾಟನೆಯಲ್ಲಿ ಜೂಲಿಯಾನೊ ಪಿಂಟೊ ಎಂಬ, ಸೊಂಟದ ಕೆಳಗೆ ಸ್ವಾಧೀನವಿಲ್ಲದ ಯುವಕ ತಲೆಗೆ ಇಇಜಿ ಟೊಪ್ಪಿ, ಮೈಗೆ ಯಂತ್ರದ ಕವಚ ಹಾಕಿಕೊಂಡು ಚೆಂಡು ಒದ್ದಿದ್ದ. ಟಿವಿಯಲ್ಲಿ ಕಂಡದ್ದು ಕೆಲವೇ ಸೆಕೆಂಡು. ಅದರ ಹಿಂದೆ ಮಿಗೆಲ್ ನಿಕೊಲೆಲಿಸ್ ಎಂಬ ವಿಜ್ಞಾನಿಯ ಜೊತೆ ನೂರಕ್ಕೂ ಹೆಚ್ಚು ಮಂದಿಯ ದುಡಿಮೆ ಇತ್ತು. ಅಂಗಡಿಯ ಪೆಟ್ಟಿಗೆಯಲ್ಲಿ ಪಟ್ಟಿ ಬರುತ್ತದೆ, ಆ ನೂರು ಮಂದಿ ಬರುವುದಿಲ್ಲ.

ಆ ಮನೆಯಲ್ಲಿ ನಡೆದದ್ದು

ಮಾಮ ತಂದದ್ದು ಒಂದೇ ಸೆನ್ಸರಿನದು. ಜೊತೆಗೆ ಮೊಬೈಲಿನಲ್ಲಿ ಒಂದು ಆಟ, ಗಮನ ಕೊಟ್ಟರೆ ಚೆಂಡು ಮೇಲೇಳಬೇಕು. ಮೊದಲ ಅರ್ಧ ಗಂಟೆ ಅದು ಹಿಡಿಯಲೇ ಇಲ್ಲ. ತಾಯಿ ಬೆಳಿಗ್ಗೆ ಮಗನ ತಲೆಗೆ ಎಣ್ಣೆ ಹಚ್ಚಿದ್ದರು, ಅದು ಹಣೆಗೂ ಇಳಿದಿತ್ತು. ಒರೆಸಿದ ಮೇಲೆ ಅಂಕ ಬಂತು. ಚೆಂಡು ಎದ್ದಿತು! ಮನೆಯವರೆಲ್ಲ ಒಮ್ಮೆಗೇ "ಮಾಶಾ ಅಲ್ಲಾಹ್" ಅಂದರು. ತಾಯಿಯ ಕಣ್ಣಲ್ಲಿ ನೀರು.

ಹುಡುಗ ಮಾತ್ರ ನಗುತ್ತಿದ್ದ. "ಹಜ್ರತ್, ನಾನು ಏನೂ ಯೋಚ್ನೆ ಮಾಡ್ತಿಲ್ಲ. ಹಲ್ಲು ಕಚ್ಚಿದ್ರೆ ಏಳ್ತದೆ, ನೋಡ್ರಿ." ಕಚ್ಚಿದ, ಎದ್ದಿತು. ಕಣ್ಣು ಮಿಟುಕಿಸಿದ, ಅಂಕ ಅತ್ತಿತ್ತ ಕುಣಿಯಿತು.

ಅದರಲ್ಲಿ ಮೋಸವೇನಿಲ್ಲ. ದವಡೆಯ ಸ್ನಾಯು, ಕಣ್ಣಿನ ಮಿಟುಕು ಹಣೆಯ ಮೇಲೆ ಎಬ್ಬಿಸುವ ವಿದ್ಯುತ್ತು ಮೆದುಳಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡದು. ಮನೆಯ ಕರೆಂಟಿನ ಸೆಕೆಂಡಿಗೆ 50 ಸಲದ ಗುಂಯ್‌ಗುಡುವಿಕೆಯೂ ಅದರೊಳಗೆ ಸೇರಿಕೊಳ್ಳುತ್ತದೆ. ಒಂದು ಸೆನ್ಸರಿಗೆ ಇವನ್ನೆಲ್ಲ ಬೇರೆ ಮಾಡುವುದು ಕಷ್ಟ. ಇದನ್ನು ನಂಬಿ ಗಾಲಿಕುರ್ಚಿ ಓಡಿಸಿದರೆ, ಕೆಮ್ಮು ಬಂದಾಗ ಕುರ್ಚಿ ಮೆಟ್ಟಿಲಿಗೆ ಹೋದೀತು.

ಮಾಮನ ಮುಖ ಬಾಡಿತು. ಒಂದು ತಿಂಗಳ ಸಂಬಳದ ದೊಡ್ಡ ಪಾಲು ಅದಕ್ಕೆ ಹೋಗಿತ್ತು. ಆಗ ನನಗೊಂದು ಹೊಳೆಯಿತು. ಅಷ್ಟು ಹೊತ್ತಿನಿಂದ ಹುಡುಗನಿಗೆ ಏನು ಬೇಕು ಎಂದು ನಾವು ಯಾರೂ ಕೇಳಿರಲಿಲ್ಲ. ಕೇಳಿದೆ.

ಅವನು ನಡೆಯಬೇಕು ಅನ್ನಲಿಲ್ಲ. "ರಾತ್ರಿ ಸೆಖೆ ಆದಾಗ ಅಮ್ಮನ್ನ ಎಬ್ಬಿಸ್ದೇನೇ ಫ್ಯಾನ್ ಹಾಕ್ಬೇಕು. ದೋಸ್ತುಗಳಿಗೆ ನಾನೇ ಫೋನ್ ಮಾಡ್ಬೇಕು. ಬೇರೆಯೋರು ಹಿಡ್ಕೊಂಡು ನಿಂತ್ರೆ ಏನ್ ಮಾತಾಡೋದು?"

ಮೊಬೈಲಿನೊಳಗೇ ಇತ್ತು

ಅವನಿಗೆ ಮಾತಿದೆ, ಮುಖ ಆಡುತ್ತದೆ. ಹಾಗಿರುವಾಗ ಮೆದುಳಿನ ಅಲೆಯನ್ನು ಹುಡುಕಿಕೊಂಡು ಹೋಗಬೇಕಾಗಿಯೇ ಇರಲಿಲ್ಲ. ಮಾತಿನಿಂದ ಫೋನ್ ನಡೆಸುವ ಸೌಲಭ್ಯ ಈಗಿನ ಸ್ಮಾರ್ಟ್‌ಫೋನುಗಳಲ್ಲಿದೆ. 2021ರಲ್ಲಿ ಬಂದ ಆಂಡ್ರಾಯ್ಡ್ 12ರಿಂದ ಕ್ಯಾಮೆರಾ ಸ್ವಿಚ್ ಎಂಬುದೂ ಸೇರಿದೆ. ನಗುವುದು, ಹುಬ್ಬೇರಿಸುವುದು, ಬಾಯಿ ತೆರೆಯುವುದು, ಎಡಕ್ಕೆ, ಬಲಕ್ಕೆ, ಮೇಲಕ್ಕೆ ನೋಡುವುದು, ಈ ಆರರಿಂದ ಫೋನನ್ನು ನಡೆಸಬಹುದು. ಸೆಟ್ಟಿಂಗ್ಸ್‌ನಲ್ಲಿ ಅಂಗವಿಕಲರಿಗಾಗಿ ಇರುವ ಆ್ಯಕ್ಸೆಸಿಬಿಲಿಟಿ ಭಾಗ ತೆರೆದು ನೋಡಿ. ಬೇರೆ ದುಡ್ಡು ಕೊಡಬೇಕಾಗಿಲ್ಲ.

ಮಂಚಕ್ಕೆ ಕಚ್ಚಿಸುವ ಮೊಬೈಲ್ ಸ್ಟ್ಯಾಂಡ್ ಒಂದು, ಸಾವಿರ ರೂಪಾಯಿ ಆಸುಪಾಸಿನ ಸ್ಮಾರ್ಟ್ ಪ್ಲಗ್ ಒಂದು, ಅದಕ್ಕೆ ಸಿಕ್ಕಿಸಲು ಟೇಬಲ್ ಫ್ಯಾನ್ ಒಂದು. ಮುಳಬಾಗಿಲಿನಿಂದ ತರಿಸಿದೆವು. ಕತ್ತಲಲ್ಲಿ ಕ್ಯಾಮೆರಾಗೆ ಮುಖ ಕಾಣುವುದಿಲ್ಲ, ಆದ್ದರಿಂದ ರಾತ್ರಿಗೆ ಮಾತು, ಹಗಲಿಗೆ ಹುಬ್ಬು. ಕರೆಂಟೋ ನೆಟ್ಟೋ ಹೋದರೆ ಎರಡೂ ಇಲ್ಲ, ಅದನ್ನೂ ಮೊದಲೇ ಹೇಳಿದೆ.

ಹಾಗಂತ ಇಇಜಿ ಪಟ್ಟಿಯೇ ಬೇಡವೆಂದಲ್ಲ. ಮಾತು ನಿಂತು, ಕೈಕಾಲು ನಿಂತು, ಕಡೆಗೆ ಕಣ್ಣಿನ ಚಲನೆಯೂ ತಗ್ಗುವ ನರರೋಗಗಳಿವೆ. ಅಂಥವರಿಗೆ ನಿಮಿಷಕ್ಕೆ ಎರಡು ಅಕ್ಷರವಾದರೂ ಅದು ಬಾಗಿಲೇ. ಆದರೆ ಅದನ್ನು ನರರೋಗ ತಜ್ಞರ, ಪುನಶ್ಚೇತನ ವಿಭಾಗದವರ ಸಲಹೆಯಿಂದ ಮಾಡಬೇಕು, ವಿಡಿಯೊ ನೋಡಿ ಅಲ್ಲ. ಬೆನ್ನುಹುರಿಗೆ ಪೆಟ್ಟಾದವರ ಜೊತೆ ಕೆಲಸ ಮಾಡುವ ಎಪಿಡಿ ಎಂಬ ಸಂಸ್ಥೆ ಬೆಂಗಳೂರಿನಲ್ಲಿ 1959ರಿಂದ ಇದೆ. ಸಲಕರಣೆಗೆ ನೆರವು ಕೊಡುವ ಕೇಂದ್ರ ಸರಕಾರದ ಎಡಿಪ್ ಯೋಜನೆಯೂ ಇದೆ. ಮೊದಲು ಅಂಗವಿಕಲರ ಯುಡಿಐಡಿ ಕಾರ್ಡ್ ಮಾಡಿಸಿ.

ಮಕ್ಕಳ ತಲೆಗೆ ಕಟ್ಟುವ ಮುಂಚೆ

ಏಕಾಗ್ರತೆ ಹೆಚ್ಚಿಸುತ್ತದೆ ಎಂದು ಇಂಥ ಪಟ್ಟಿಗಳನ್ನು ಓದುವ ಮಕ್ಕಳಿಗೂ ಮಾರುತ್ತಾರೆ. ಚೀನಾದ ಜಿನ್‌ಹುವಾದ ಒಂದು ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ತಲೆಗೆ ಇದನ್ನು ಕಟ್ಟಿ, ಯಾರ ಗಮನ ಎಷ್ಟೆಂದು ಟೀಚರಿಗೆ ತೋರಿಸುತ್ತಿದ್ದರು. 2019ರಲ್ಲಿ ಸುದ್ದಿ ಹೊರಬಿದ್ದು ಜನ ಸಿಟ್ಟಾದ ಮೇಲೆ ನಿಲ್ಲಿಸಬೇಕಾಯಿತು. ಹಲ್ಲು ಕಚ್ಚಿದರೆ ಏರುವ ಅಂಕ ನೋಡಿ ಮಗುವನ್ನು ಗದರಿಸುವುದು ಎಷ್ಟು ಸರಿ? ಆ ಅಂಕಗಳೆಲ್ಲ ಆ್ಯಪಿನ ಮೂಲಕ ಕಂಪೆನಿಗೂ ಹೋಗಬಹುದು. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರ ಮಾಹಿತಿ ಪಡೆಯಲು ಹೆತ್ತವರ ಒಪ್ಪಿಗೆ ಬೇಕು. ಓದದೆ ಒಪ್ಪಿಗೆಯ ಗುಂಡಿ ಒತ್ತಬೇಡಿ.

ಈ ವಿಷಯದಲ್ಲಿ ನಮ್ಮ ರಾಜ್ಯದ ಹೆಸರು ದೇಶದ ಕಾನೂನಿನಲ್ಲೇ ಉಳಿದಿದೆ. 2000ದ ದಶಕದಲ್ಲಿ ಬೆಂಗಳೂರಿನ ಪ್ರಯೋಗಾಲಯದಲ್ಲಿ ಆರೋಪಿಗಳಿಗೆ ಮಂಪರು ಪರೀಕ್ಷೆಯ ಜೊತೆ 'ಬ್ರೇನ್ ಮ್ಯಾಪಿಂಗ್' ಕೂಡ ಮಾಡುತ್ತಿದ್ದರು. ತಲೆಗೆ ವೈರು ಅಂಟಿಸಿ, ಘಟನೆಯ ಮಾತು ಕೇಳಿಸಿ, ಅಲೆ ನೋಡಿ 'ಇವನಿಗೆ ಗೊತ್ತು' ಎನ್ನುವುದು. 2008ರಲ್ಲಿ ನಿಮ್ಹಾನ್ಸ್ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿ ಅದು ವೈಜ್ಞಾನಿಕವಲ್ಲ ಎಂದಿತು. 2010ರ ಮೇ 5ರಂದು 'ಸೆಲ್ವಿ ಮತ್ತು ಕರ್ನಾಟಕ ರಾಜ್ಯ' ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಯಾರಿಗೂ ಈ ಪರೀಕ್ಷೆ ಮಾಡುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಪೊಲೀಸರಿಗೇ ಇಲ್ಲದ ಅಧಿಕಾರ ಆಟದ ಸಾಮಾನು ಮಾರುವವರಿಗೆ ಯಾಕೆ?

ಆದ್ದರಿಂದ ಹೇಳುವುದಿಷ್ಟೇ. ತರಿಸುವ ಮುಂಚೆ ಯಾರಿಗಾಗಿ ತರಿಸುತ್ತಿದ್ದೀರೋ ಅವರನ್ನು ಕೇಳಿ. ಮಾತು, ಬೆರಳು, ಹುಬ್ಬು, ಇವುಗಳಲ್ಲಿ ಏನು ಉಳಿದಿದೆ ನೋಡಿ. ಉಳಿದಿರುವುದರಿಂದ ಆಗುವ ಕೆಲಸಕ್ಕೆ ಮೆದುಳಿನ ಅಲೆ ಬೇಡ.

ಒಂದು ವಾರ ಕಳೆದು ಹುಡುಗನ ತಾಯಿಯನ್ನು ವಿಚಾರಿಸಿದೆ, ಈಗ ನಿದ್ದೆ ಬರುತ್ತದಾ ಎಂದು. "ಎಲ್ಲಿ ಬರ್ತದೆ ಹಜ್ರತ್? ಕತ್ಲಲ್ಲಿ ಅವನು ಮೆಲ್ಲಗೆ ಫ್ಯಾನ್‌ಗೆ ಹೇಳ್ತಾನೆ, ನಂಗೆ ಎಚ್ಚರ ಆಗ್ತದೆ. ಆದ್ರೆ ಏಳಲ್ಲ. ಅದು ತಿರುಗೋ ಶಬ್ದ ಕೇಳಿ, ಮಗ್ಗುಲಾಗಿ ಮಲ್ಕೋತೀನಿ."