ಮನೆಯೇ ಇಲ್ಲದಿದ್ದರೆ ಮದ್ದು ಎಲ್ಲಿಡುವುದು?

ನಿಮ್ಮ ಮಗುವಿಗೆ ನಡುರಾತ್ರಿ ಉಬ್ಬಸ ಬಂತು ಎಂದುಕೊಳ್ಳಿ. ನೀವು ದೀಪ ಹಾಕುತ್ತೀರಿ. ಕಪಾಟಿನಿಂದ ಇನ್‌ಹೇಲರ್ ತೆಗೆಯುತ್ತೀರಿ. ಮಗುವನ್ನು ಎದೆಗೊರಗಿಸಿ ಕೂರಿಸಿಕೊಳ್ಳುತ್ತೀರಿ. ಬೆಳಗಾದೊಡನೆ ಎಂದಿನ ಡಾಕ್ಟರ ಬಳಿಗೆ ಹೋಗುತ್ತೀರಿ. ಹಳೆಯ ಚೀಟಿಗಳೆಲ್ಲ ಒಂದು ಚೀಲದಲ್ಲಿ ಸಿದ್ಧವಾಗಿಯೇ ಇರುತ್ತವೆ.

ಈಗ ಆ ಕಪಾಟು, ಆ ಚೀಲ, ಆ ಡಾಕ್ಟರು ಯಾವುದೂ ಇಲ್ಲ ಎಂದು ಊಹಿಸಿಕೊಳ್ಳಿ. ಸಿರಿವಂತ ದೇಶವೆಂದು ನಾವು ಬಲ್ಲ ಅಮೆರಿಕದ ನಗರಗಳಲ್ಲಿ ಲಕ್ಷಾಂತರ ಮಕ್ಕಳ ಸ್ಥಿತಿ ಇದೇ ಆಗಿದೆ.

ಯಾರು ಈ ಮಕ್ಕಳು?

ವಸತಿಹೀನರು ಎಂದೊಡನೆ ರಸ್ತೆ ಬದಿಯಲ್ಲಿ ಮಲಗಿದ ಒಂಟಿ ಗಂಡಸಿನ ಚಿತ್ರ ನಮ್ಮ ಕಣ್ಮುಂದೆ ಬರುತ್ತದೆ. ಆದರೆ 2024ರ ಜನವರಿಯ ಒಂದು ರಾತ್ರಿ ಅಮೆರಿಕದ ಸರ್ಕಾರ ಎಣಿಕೆ ಮಾಡಿದಾಗ ಸಿಕ್ಕ ಸುಮಾರು 7.7 ಲಕ್ಷ ವಸತಿಹೀನರಲ್ಲಿ ಒಂದೂವರೆ ಲಕ್ಷದಷ್ಟು ಮಂದಿ ಮಕ್ಕಳು. ಹಿಂದಿನ ವರ್ಷಕ್ಕಿಂತ ಮೂರನೇ ಒಂದು ಪಾಲು ಹೆಚ್ಚು. ಶಾಲೆಗಳ ಲೆಕ್ಕ ಇನ್ನೂ ದೊಡ್ಡದು. 2022–23ರಲ್ಲಿ 13.5 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಸ್ಥಿರವಾದ ಮನೆಯಿರಲಿಲ್ಲ. ಇವರಲ್ಲಿ ಹೆಚ್ಚಿನವರು ಬೀದಿಯಲ್ಲಿ ಕಾಣಸಿಗುವುದಿಲ್ಲ. ಬಾಡಿಗೆ ಕಟ್ಟಲಾಗದೆ ಮನೆ ಬಿಟ್ಟವರು ನಂಟರ ಮನೆಯ ಪಡಸಾಲೆಯಲ್ಲಿ, ಅಗ್ಗದ ಮೋಟೆಲುಗಳಲ್ಲಿ, ಆಶ್ರಯಧಾಮಗಳಲ್ಲಿ, ಕೆಲವೊಮ್ಮೆ ಕಾರಿನಲ್ಲೇ ದಿನ ದೂಡುತ್ತಾರೆ.

ಮನಸ್ಸಿಗೆ ನಾಟುವ ಇನ್ನೊಂದು ಸಂಗತಿಯಿದೆ. ಆ ದೇಶದಲ್ಲಿ ಮನುಷ್ಯ ತನ್ನ ಇಡೀ ಬಾಳಿನಲ್ಲಿ ಆಶ್ರಯಧಾಮ ಸೇರುವ ಸಂಭವ ಅತಿ ಹೆಚ್ಚಾಗಿರುವುದು ಹುಟ್ಟಿದ ಮೊದಲ ವರ್ಷದಲ್ಲಿ! ಹೆರಿಗೆಯ ಹೊತ್ತಿಗೆ ತಾಯಿಯ ಸಂಬಳ ನಿಲ್ಲುತ್ತದೆ, ಖರ್ಚು ಏರುತ್ತದೆ, ಬಾಡಿಗೆ ಮಾತ್ರ ಕಾಯುವುದಿಲ್ಲ.

ದೇಹದ ಮೇಲೆ ಪರಿಣಾಮ

ಮೊದಲಿಗೆ ಅಸ್ತಮಾವನ್ನೇ ನೋಡಿ. ನ್ಯೂಯಾರ್ಕ್ ನಗರದ ಮೂರು ಆಶ್ರಯಧಾಮಗಳ ಮಕ್ಕಳನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪ್ರತಿ ಹತ್ತು ಮಕ್ಕಳಲ್ಲಿ ನಾಲ್ವರಿಗೆ ಅಸ್ತಮಾ ಇರುವುದು ಕಂಡುಬಂತು. ಅನೇಕರಿಗೆ ಸರಿಯಾದ ಚಿಕಿತ್ಸೆಯೂ ಸಿಕ್ಕಿರಲಿಲ್ಲ. ಹಳೆಯ ಕಟ್ಟಡಗಳ ಬೂಸಲು, ಜಿರಲೆ, ಇಲಿ, ಧೂಳು, ಸಿಗರೇಟಿನ ಹೊಗೆ ಇವೆಲ್ಲ ಉಬ್ಬಸವನ್ನು ಕೆರಳಿಸುವಂಥವೇ. ಜೊತೆಗೆ, ಈ ರೋಗದ ಹತೋಟಿಗೆ ದಿನವೂ ತಪ್ಪದೆ ಔಷಧಿ ಬೇಕು. ತಿಂಗಳಿಗೊಂದು ಜಾಗಕ್ಕೆ ಗಂಟುಮೂಟೆ ಕಟ್ಟುವಾಗ ಮೊದಲು ಕಳೆದುಹೋಗುವುದು ಔಷಧಿಯೇ. ಹೀಗಾಗಿ ಮನೆಯಲ್ಲೇ ನಿಭಾಯಿಸಬಹುದಾದ ಕಾಯಿಲೆ ತುರ್ತು ಚಿಕಿತ್ಸಾ ಘಟಕದ ಬಾಗಿಲು ತಟ್ಟುತ್ತದೆ.

ಕಿವಿ ಸೋಂಕಿನ ಕಥೆಯೂ ಹೀಗೆಯೇ. ಪದೇ ಪದೇ ಬರುವ ಶೀತದಿಂದ ಕಿವಿಯೊಳಗೆ ದ್ರವ ನಿಂತರೆ ಮಗುವಿಗೆ ಮಂದವಾಗಿ ಕೇಳಿಸುತ್ತದೆ. ಸರಿಯಾಗಿ ಕೇಳದ ಮಗು ಮಾತು ಕಲಿಯುವುದರಲ್ಲೂ ಹಿಂದೆ ಬೀಳಬಹುದು.

ಇನ್ನು ಊಟ. ಅನೇಕ ಮೋಟೆಲು ಕೋಣೆಗಳಲ್ಲಿ ಒಲೆ ಇರುವುದಿಲ್ಲ. ಸೊಪ್ಪು, ಬೇಳೆ, ತರಕಾರಿ ಬೇಯಿಸಲು ಸಾಧ್ಯವಿಲ್ಲದ ತಾಯಿ ಪೊಟ್ಟಣದ ತಿನಿಸು ಕೊಡುತ್ತಾಳೆ. ಅದರಲ್ಲಿ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚು; ಪೋಷಕಾಂಶ ಕಡಿಮೆ. ಆದ್ದರಿಂದ ಒಂದೇ ಮಗುವಿನಲ್ಲಿ ಬೊಜ್ಜು ಮತ್ತು ರಕ್ತಹೀನತೆ ಎರಡೂ ಕಾಣಿಸಿಕೊಂಡರೆ ಅಚ್ಚರಿಪಡಬೇಕಿಲ್ಲ.

ಅಂಬೆಗಾಲಿಡಲೂ ಜಾಗ ಬೇಕು

ಎಂಟು ತಿಂಗಳ ಮಗು ನೆಲದ ಮೇಲೆ ಹರಿದಾಡಬೇಕು, ಕುರ್ಚಿ ಹಿಡಿದು ಏಳಬೇಕು, ಬೀಳಬೇಕು. ಇಕ್ಕಟ್ಟಾದ, ಕೊಳಕು ನೆಲದ ಕೋಣೆಯಲ್ಲಿ ತಾಯಿ ಮಗುವನ್ನು ಮಂಚದ ಮೇಲೋ ತಳ್ಳುಗಾಡಿಯಲ್ಲೋ ಕೂರಿಸಿಬಿಡುತ್ತಾಳೆ. ಅದು ಆಕೆಯ ಅಲಕ್ಷ್ಯವಲ್ಲ, ಎಚ್ಚರಿಕೆ. 1980ರ ದಶಕದಲ್ಲಿ ಮನೋವೈದ್ಯೆ ಡಾ. ಎಲೆನ್ ಬಾಸುಕ್ ಮತ್ತು ಸಂಗಡಿಗರು ಮೆಸಾಚುಸೆಟ್ಸ್ ರಾಜ್ಯದ ಆಶ್ರಯಧಾಮಗಳಲ್ಲಿ ಶಾಲೆಗೆ ಸೇರುವ ಮುಂಚಿನ ವಯಸ್ಸಿನ ಮಕ್ಕಳನ್ನು ಪರೀಕ್ಷಿಸಿದರು. ಸುಮಾರು ಅರ್ಧದಷ್ಟು ಮಕ್ಕಳು ಮಾತು, ಚಲನೆ, ಬೆರೆಯುವಿಕೆ ಇಂಥ ಯಾವುದಾದರೂ ಒಂದರಲ್ಲಿ ವಯಸ್ಸಿಗೆ ತಕ್ಕ ಬೆಳವಣಿಗೆ ಹೊಂದಿರಲಿಲ್ಲ.

ಸ್ವಲ್ಪ ದೊಡ್ಡ ಮಕ್ಕಳಲ್ಲಿ ನಿದ್ರೆ ಕೆಡುವುದು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುವುದು, ತಾಯಿಯ ಸೆರಗು ಬಿಡದಿರುವುದು, ಸಿಡುಕು ಇವು ಕಾಣುತ್ತವೆ. ಕೆಲವು ಆಶ್ರಯಧಾಮಗಳು ಗಂಡಸರನ್ನೂ ಹದಿಹರೆಯದ ಹುಡುಗರನ್ನೂ ಸೇರಿಸಿಕೊಳ್ಳುವುದಿಲ್ಲ. ಆಗ ಮನೆಯೊಂದಿಗೆ ತಂದೆ, ಅಣ್ಣ ಕೂಡ ದೂರವಾಗುತ್ತಾರೆ. ಮಕ್ಕಳನ್ನು ಸರ್ಕಾರ ತನ್ನಿಂದ ಕಿತ್ತುಕೊಂಡೀತು ಎಂಬ ಭಯದಿಂದ ವೈದ್ಯರೆದುರು ನಿಜಸ್ಥಿತಿ ಮುಚ್ಚಿಡುವ ತಾಯಂದಿರೂ ಇದ್ದಾರೆ.

ಹಾಗೆಂದು ಈ ಮಕ್ಕಳ ಬಾಳು ಇಷ್ಟೇ ಎಂದು ತೀರ್ಮಾನಿಸಬೇಡಿ. ಮಿನಿಯಾಪೊಲಿಸ್ ನಗರದ ಇಂಥ ಮಕ್ಕಳನ್ನು ಹಲವು ವರ್ಷ ಅಭ್ಯಸಿಸಿರುವ ಮನಶ್ಶಾಸ್ತ್ರಜ್ಞೆ ಆ್ಯನ್ ಮಾಸ್ಟೆನ್ ಅವರ ಪ್ರಕಾರ, ಪ್ರೀತಿಯಿಂದ, ಕ್ರಮವಾಗಿ ನೋಡಿಕೊಳ್ಳುವ ತಂದೆ ಅಥವಾ ತಾಯಿ ಇದ್ದಲ್ಲಿ ಎಷ್ಟೋ ಮಕ್ಕಳು ಚೆನ್ನಾಗಿಯೇ ಕಲಿಯುತ್ತಾರೆ, ಬೆಳೆಯುತ್ತಾರೆ.

ಕಾರಣವೇನು?

ಕುಡಿತ, ಸೋಮಾರಿತನ ಎಂದು ಬೆರಳು ತೋರುವುದು ಸುಲಭ. ಆದರೆ ಇಲ್ಲಿ ಲೆಕ್ಕ ಸರಳವಾಗಿದೆ. ಅಮೆರಿಕದ ಕೇಂದ್ರ ಸರ್ಕಾರ ಗೊತ್ತುಪಡಿಸಿದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್, 2009ರಲ್ಲಿ ನಿಗದಿಯಾದದ್ದು. ಅಂದಿನಿಂದ ಬಾಡಿಗೆ ಮಾತ್ರ ಬಹಳ ಏರಿದೆ. ಬಾಡಿಗೆಗೆ ಸರ್ಕಾರದ ನೆರವು ಪಡೆಯಲು ಅರ್ಹರಾದ ನಾಲ್ಕು ಕುಟುಂಬಗಳಲ್ಲಿ ಅದು ಸಿಗುವುದು ಸುಮಾರು ಒಂದಕ್ಕೆ. ಉಳಿದವರು ಒಂದು ಕಾಯಿಲೆ, ಒಂದು ಕೆಲಸದ ನಷ್ಟ, ಒಂದು ಗಂಡ-ಹೆಂಡಿರ ಜಗಳಕ್ಕೆ ಬೀದಿಗೆ ಬೀಳುವ ಅಂಚಿನಲ್ಲಿರುತ್ತಾರೆ.

ಮದ್ದು ಯಾವುದು?

ವೈದ್ಯರು ಸುಮ್ಮನೆ ಕುಳಿತಿಲ್ಲ. 1987ರಲ್ಲಿ ಮಕ್ಕಳ ತಜ್ಞ ಡಾ. ಇರ್ವಿನ್ ರೆಡ್‌ಲೆನರ್ ಮತ್ತು ಗಾಯಕ ಪಾಲ್ ಸೈಮನ್ ನ್ಯೂಯಾರ್ಕಿನಲ್ಲಿ ಸಂಚಾರಿ ಚಿಕಿತ್ಸಾಲಯ ಆರಂಭಿಸಿದರು. ಮಗು ಆಸ್ಪತ್ರೆಗೆ ಬರಲಾಗದಿದ್ದರೆ ಆಸ್ಪತ್ರೆಯೇ ವಾಹನವೇರಿ ಆಶ್ರಯಧಾಮದ ಬಾಗಿಲಿಗೆ ಹೋಗಲಿ ಎಂಬುದು ಇದರ ಉದ್ದೇಶ. ಅದೇ ವರ್ಷ ಬಂದ ಮೆಕಿನ್ನಿ ಕಾನೂನು ಮುಂದೆ ತಿದ್ದುಪಡಿಗಳಿಂದ ಬಲಗೊಂಡಿತು. ಮನೆ ಕಳೆದುಕೊಂಡ ಮಗು ತನ್ನ ಹಳೆಯ ಶಾಲೆಯಲ್ಲೇ ಮುಂದುವರಿಯಬಹುದು. ಹೊಸ ಶಾಲೆಯಾದರೆ ಲಸಿಕೆ ಚೀಟಿ, ವಿಳಾಸದ ದಾಖಲೆ ಇಲ್ಲವೆಂದು ತಿರುಗಿಸಿ ಕಳಿಸುವಂತಿಲ್ಲ.

ಆದರೆ ಎಲ್ಲಕ್ಕಿಂತ ಪರಿಣಾಮಕಾರಿ ಮದ್ದು ಮನೆಯೇ. 2010 ಮತ್ತು 2012ರ ನಡುವೆ ಆಶ್ರಯಧಾಮಗಳಲ್ಲಿದ್ದ 2,282 ಕುಟುಂಬಗಳನ್ನು 12 ಪ್ರದೇಶಗಳಿಂದ ಆರಿಸಿ, ಹೊಸ ಔಷಧಿಯನ್ನು ಪರೀಕ್ಷಿಸುವ ರೀತಿಯಲ್ಲೇ ಬೇರೆ ಬೇರೆ ಬಗೆಯ ನೆರವು ನೀಡಿ ನೋಡಲಾಯಿತು. ದೀರ್ಘಕಾಲದ ಬಾಡಿಗೆ ನೆರವು ದೊರೆತ ಕುಟುಂಬಗಳಲ್ಲಿ ಮತ್ತೆ ಮನೆ ಕಳೆದುಕೊಂಡವರ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಮಕ್ಕಳು ಶಾಲೆ ಬದಲಿಸುವುದು ಕಡಿಮೆಯಾಯಿತು. ನಿದ್ರೆ, ನಡವಳಿಕೆಯ ತೊಂದರೆಗಳೂ ತಗ್ಗಿದವು. ಮೂರು ವರ್ಷದ ಖರ್ಚು ಎಂದಿನ ವ್ಯವಸ್ಥೆಗಿಂತ ಸ್ವಲ್ಪವೇ ಹೆಚ್ಚು.

ನಿಮ್ಮ ಬಂಧುಗಳು ಅಲ್ಲಿ ನೆಲೆಸಿದ್ದರೆ ಈ ಮಾತನ್ನು ಅವರಿಗೆ ತಿಳಿಸಿ. ಪ್ರತಿ ಶಾಲಾ ಜಿಲ್ಲೆಯಲ್ಲೂ ಇಂಥ ಮಕ್ಕಳಿಗಾಗಿಯೇ ಒಬ್ಬ ಸಂಪರ್ಕಾಧಿಕಾರಿ ಇರಬೇಕೆಂಬುದು ಕಾನೂನು. ತಮ್ಮ ಮಗುವಿನ ತರಗತಿಯಲ್ಲಿ ದಿನವೂ ತಡವಾಗಿ ಬರುವ, ತೂಕಡಿಸುವ, ವಿಳಾಸ ಕೇಳಿದರೆ ಮಾತು ಮರೆಸುವ ಸಹಪಾಠಿ ಇದ್ದರೆ, ಆ ಕುಟುಂಬಕ್ಕೆ ಈ ಒಂದು ಸಂಗತಿಯನ್ನು ಮೆಲ್ಲಗೆ ತಿಳಿಸಿದರೂ ದೊಡ್ಡ ಉಪಕಾರವಾದೀತು. ಮಗುವಿಗೆ ಔಷಧಿ ಬರೆಯುವ ಮುನ್ನ ವೈದ್ಯರು ಕೇಳಬೇಕಾದ ಮೊದಲ ಪ್ರಶ್ನೆಯೂ ಇದೇ: ‘ಕಂದಾ, ನಿನ್ನೆ ರಾತ್ರಿ ಎಲ್ಲಿ ಮಲಗಿದ್ದೆ?’